ಹಿತ್ತಲೂ ಒಂದು ಉಳಿತಾಯ ಖಾತೆ



ಸಂಘದಲ್ಲಿ ಸಾಲ ತೆಗೆದು ಗೊಬ್ಬರ ಒಯ್ಯುವ ನಾವೇ ಹಿತ್ತಲ ತರಗಿಗೆ, ತೆಂಗಿನ ಗರಿಗೆ ಬೆಂಕಿ ಇಡ್ತೀವಿ. ಅದರಲ್ಲಿದ್ದ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತೆ. ಅದನ್ನೇ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಇದು ಯಾವ ಲೆಕ್ಕ, ನೀವೇ ಹೇಳಿ.

ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಎಂಬುವರು 1978ರ ತಮ್ಮ ಪುಸ್ತಕದಲ್ಲಿ ಇಂಥ ಕ್ರಮವನ್ನು ‘ಪರ್ಮಾಕಲ್ಚರ್’ ಎಂದು ಕರೆದರು. ನಮ್ಮ ಅಜ್ಜಿಯರು ಹೆಸರಿಲ್ಲದೆ ಮಾಡುತ್ತಿದ್ದರು: ಬಚ್ಚಲ ನೀರು ಬಾಳೆಗೆ, ಕಲಗಚ್ಚು ಎಮ್ಮೆಗೆ, ಕಸ ತಿಪ್ಪೆಗೆ, ಬೂದಿ ಬಿತ್ತನೆ ಕಾಳಿಗೆ.

ತರಗನ್ನು ಗಿಡದ ಸುತ್ತ ಅರ್ಧ ಗೇಣು ಹೊದಿಸಿ. ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತೆ. ತೇವ ಉಳಿಯುತ್ತೆ, ಕಳೆ ಕಮ್ಮಿ. ಹತ್ತು ಚದರದ ಮನೆ ಸೂರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ತಗಡಿನ ದೋಣಿ ಕಟ್ಟಿ ತೊಟ್ಟಿಗೆ ಬಿಡಿ. ತಿಪ್ಪೆಗೆ ಪ್ಲಾಸ್ಟಿಕ್ ಮಾತ್ರ ಹಾಕಬೇಡಿ.

ಸರ್ಕಾರಿ ಗೊಬ್ಬರ ಇವತ್ತೇ ಬಿಡಿ ಅನ್ನೋದಿಲ್ಲ. ಒಂದು ಚೀಲ ಕಮ್ಮಿಯಾದರೆ ಅಷ್ಟು ಸಾಲ ಕಮ್ಮಿ. ಸಂಘದ ವ್ಯಾಪಾರ ಸ್ವಲ್ಪ ಇಳಿಯಬಹುದು; ಆದರೆ ವಾಯಿದೆಗೆ ಸಾಲ ಕಟ್ಟುವ ಸದಸ್ಯನೇ ಸಂಘದ ಆಸ್ತಿ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.

ಜೈ ಸಹಕಾರ.