ವಿಜ್ಞಾನ ಓದುವ ಮಕ್ಕಳು ಡೇರಿಯ ಒಳಗೂ ಹೋಗಲಿ
(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಾನು ಎಸ್ಸೆಸ್ಸೆಲ್ಸಿಗೇ ನಿಂತವನು. ಆದರೂ ಮಕ್ಕಳ ಓದಿನ ಬಗ್ಗೆ ಎರಡು ಮಾತು ಹೇಳ್ತೀನಿ.

ನಮ್ಮೂರಿನ ಮಕ್ಕಳು ಬೆಳಗಿನ ಬಸ್ಸು ಹತ್ತಿ ಬನಶಂಕರಿ, ಜಯನಗರದ ಕಾಲೇಜುಗಳಲ್ಲಿ ವಿಜ್ಞಾನ ಓದುತ್ತಿದ್ದಾರೆ. ಫೀಸು ಕಟ್ಟೋದು ಈ ಹಾಲಿನ ಬಟವಾಡೆಯಿಂದಲೇ. "ಬಿಎಸ್ಸಿ ಆದ ಮೇಲೆ ಏನಪ್ಪಾ ಕೆಲಸ?" ಅಂತ ಕೇಳಿದರೆ ಅವರು ನಮ್ಮ ಮುಖ ನೋಡ್ತಾರೆ, ನಾವು ಅವರ ಮುಖ ನೋಡ್ತೀವಿ. ಆ ವಿದ್ಯೆಯಿಂದ ಅನ್ನ ತಿನ್ನುವವರನ್ನು ಅವರು ಹತ್ತಿರದಿಂದ ಕಂಡೇ ಇಲ್ಲ.

ಜಯನಗರ ದಾಟಿದರೆ ಡೇರಿ ಸರ್ಕಲ್. 1965ರಲ್ಲಿ ಶುರುವಾದ ಬೆಂಗಳೂರು ಡೇರಿ ಅಲ್ಲೇ ಇದೆ. ಇನ್ನೂ ಸ್ವಲ್ಪ ಮುಂದೆ ಆಡುಗೋಡಿಯಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ, 1923ರಲ್ಲಿ ಹುಟ್ಟಿದ್ದು. 1927ರಲ್ಲಿ ಗಾಂಧೀಜಿಯವರು ಬೆಂಗಳೂರಿನಲ್ಲಿದ್ದಾಗ ಅಲ್ಲಿಗೆ ಹೋಗಿ, ಬಲ್ಲವರ ಹತ್ತಿರ ಹಸು ಸಾಕಣೆ ಕಲಿತರು. ಆಗ ಅವರಿಗೆ ಐವತ್ತೇಳು ವಯಸ್ಸು!

ನಮ್ಮ ಹಾಲಿನ ರೇಟು ನಿಲ್ಲೋದು ಫ್ಯಾಟಿನ ಮೇಲೆ. ಗರ್ಬರ್ ಪರೀಕ್ಷೆಯಲ್ಲಿ 10 ಮಿ.ಲೀ. ಸಲ್ಫ್ಯೂರಿಕ್ ಆಸಿಡ್, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಕುಲುಕಿ ಯಂತ್ರದಲ್ಲಿ ತಿರುಗಿಸುತ್ತಾರೆ. ಆಸಿಡ್ಡು ಹಾಲಿನ ಪ್ರೋಟೀನನ್ನು ಕರಗಿಸುತ್ತೆ, ಕೊಬ್ಬು ಬೇರೆಯಾಗಿ ಕೊಳವೆಯಲ್ಲಿ ಮೇಲೆ ನಿಲ್ಲುತ್ತೆ. ಈಗ ಮಿಷನ್ನೇ ಅಂಕಿ ತೋರಿಸುತ್ತೆ, ನಿಜ. ಆ ಮಿಷನ್ನು ಸರಿಯಾಗಿದೆಯೇ ಅಂತ ತಾಳೆ ನೋಡೋದಕ್ಕೆ ಇಂಥ ಪರೀಕ್ಷೆ ಬಲ್ಲವರು ಬೇಕು. ಕೆಮಿಸ್ಟ್ರಿ ಓದಿದ ನಮ್ಮ ಮಗಳೇ ಯಾಕೆ ಆ ಕೆಲಸದಲ್ಲಿರಬಾರದು? ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣ್ಣಗೆ ಮಾಡುವ ಕಡೆ ಭೌತಶಾಸ್ತ್ರವಿದೆ. ಮೊಸರಿನ ಹೆಪ್ಪಿನಲ್ಲಿ ಜೀವಶಾಸ್ತ್ರವಿದೆ.

ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನ ಮಕ್ಕಳಿಗೆ ಡೇರಿಯೊಳಗಿನ ತರಬೇತಿ ಓದಿನಲ್ಲೇ ಸೇರಿದೆ. ಬರೀ ಬಿಎಸ್ಸಿ ಓದುವ ನಮ್ಮ ಮಕ್ಕಳಿಗೆ ಯಾರಾದರೂ ಬಾಗಿಲು ತಟ್ಟಿಕೊಡಬೇಕು. ಪ್ರವಾಸ ಅಂತ ಹೋಗಿ ಪೇಡ ತಿಂದು, ಫೋಟೋ ಹಿಡಿಸಿಕೊಂಡು ಬಂದರೆ ಏನೂ ಬರೋದಿಲ್ಲ. ಸಗಣಿ ಬಾಚದೆ ಹಸು ಸಾಕೋದು ಕಲಿತವರುಂಟೇ? ರಜೆಯಲ್ಲಿ ಹದಿನೈದು ದಿನ, ನಾಲ್ಕೈದು ಮಕ್ಕಳಂತೆ, ಲ್ಯಾಬಿನವರ ಪಕ್ಕದಲ್ಲೇ ನಿಂತು ಕೆಲಸ ಮಾಡಬೇಕು. ಸಂಬಳವೆಷ್ಟು, ಪಾಳಿ ಹೇಗೆ, ಯಾವ ಪರೀಕ್ಷೆ ಕಟ್ಟಬೇಕು ಅನ್ನೋದನ್ನೆಲ್ಲ ಅವರನ್ನೇ ಕೇಳಿ ತಿಳಿಯಬೇಕು.

ಇದಕ್ಕೆ ಸಂಘದಿಂದ ಒಕ್ಕೂಟಕ್ಕೂ ಆಡುಗೋಡಿಗೂ ಪತ್ರ ಬರೆಯಬೇಕು, ಮಕ್ಕಳ ಬಸ್ ಖರ್ಚನ್ನು ಸಂಘವೇ ಕೊಡಬೇಕು ಅಂತ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ವಿಷಯ ಇಡ್ತೀನಿ. ಖರ್ಚು ಯಾಕೆ ಅನ್ನುವವರು ಅಲ್ಲೇ ಕೇಳಿ, ಉತ್ತರ ಹೇಳ್ತೀನಿ. ವಿಜ್ಞಾನ ಓದುವ ಮಕ್ಕಳ ಹೆಸರನ್ನು, ಹೆಣ್ಣುಮಕ್ಕಳದ್ದೂ ಸೇರಿಸಿ, ಅಷ್ಟರೊಳಗೆ ಕಾರ್ಯದರ್ಶಿಗಳ ಹತ್ತಿರ ಬರೆಸಿ.