ಕಲ್ಲಿನ ಕೊಕ್ಕರೆಯ ಹೊಟ್ಟೆಯೊಳಗೆ

ಶರಣರ ಬಗ್ಗೆ, ದಾಸರ ಬಗ್ಗೆ ಮಾತಾಡಿದವರು ಕೂತ ಕುರ್ಚಿ ಇದು. ಇಲ್ಲಿ ಕೂತು ನಾನು ಇವತ್ತು ಟೀವಿ ಧಾರಾವಾಹಿಯ ಬಗ್ಗೆ ಮಾತಾಡುವವನು. ಯಾರಿಗಾದರೂ ಇದು ಸಭೆಗೆ ತಕ್ಕ ವಿಷಯವಲ್ಲ ಅನ್ನಿಸಿದರೆ ಸಿಟ್ಟಾಗಬೇಡಿ, ಚಹಾ ಬರೋತನಕ ಕೂಡ್ರಿ.

ಈ ವಿಷಯ ಹುಟ್ಟಿದ್ದು ನಮ್ಮ ಮನೆಯಲ್ಲಿ. ತಂಗಿಯ ಮಗ ಪುಣೆಯಲ್ಲಿ ಓದುತ್ತಾನೆ. ದೀಪಾವಳಿಗೆ ಬಂದಾಗ ಗೆಳೆಯನ ಜೊತೆ ಫೋನಿನಲ್ಲಿ ಒಂದು ತಾಸು ಜಗಳ. ನಾನು ಹೊಲದ ವ್ಯಾಜ್ಯವೇನೋ ಅಂದುಕೊಂಡೆ. ನೋಡಿದರೆ ‘ಗೇಮ್ ಆಫ್ ಥ್ರೋನ್ಸ್’ ವ್ಯಾಜ್ಯ! ಕಾದಂಬರಿಯಲ್ಲಿ ಹೀಗಿಲ್ಲ, ಟೀವಿಯವರು ಕೆಡಿಸಿದರು ಎಂದು ಇವನು. ಟೀವಿಯವರು ಮಾಡಿದ್ದೇ ಸರಿ ಎಂದು ಅವನು. ಫೋನ್ ಇಟ್ಟ ಮೇಲೆ, “ಮಾಮಾ, ನಿಮಗ ಇದೆಲ್ಲಾ ತಿಳಿಯೂದಿಲ್ಲ ಬಿಡ್ರಿ” ಅಂದ. ಅದೊಂದು ಮಾತಿಗೆ ಉತ್ತರವಾಗಿ ಈ ಉಪನ್ಯಾಸ ಅಂತ ತಿಳಿಯಿರಿ. ಇದೇ ಜಗಳವನ್ನು ನಾವು ನಮ್ಮೂರು ಉಮರ್ಗಾದಲ್ಲಿ 1994ರಲ್ಲೇ ಮಾಡಿ ಮುಗಿಸಿದ್ದೇವೆ. ಮುಗಿಸಿದ್ದೇವೆ ಅನ್ನುವುದು ಪೂರ್ತಿ ಖರೆ ಅಲ್ಲ, ಅದು ಆಮೇಲೆ ಗೊತ್ತಾಗುತ್ತದೆ.

ಆ ವರ್ಷ ದೂರದರ್ಶನದಲ್ಲಿ ‘ಚಂದ್ರಕಾಂತಾ’ ಸುರುವಾಯಿತು. ಭಾನುವಾರ ಮುಂಜಾನೆ. ನೀರಜಾ ಗುಲೇರಿಯವರ ನಿರ್ಮಾಣ. ನಮ್ಮ ಓಣಿಯಲ್ಲಿ ದೊಡ್ಡ ಟೀವಿ ಇದ್ದದ್ದು ಕಾಕಾನ ಮನೆಯ ಪಡಸಾಲೆಯಲ್ಲಿ. ಒಬ್ಬ ಹುಡುಗ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಒಬ್ಬ ಅಂಗಳದಲ್ಲಿ ನಿಂತು “ಬಂತು, ಬಂತು, ಹೋತು” ಎಂದು ಕೂಗಬೇಕು. ಕರೆಂಟು ಕೈಕೊಟ್ಟರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರುತ್ತಿದ್ದರು. ಆ ಹಂಗಾಮಿನಲ್ಲಿ ಕಾಕಾನ ಟ್ರ್ಯಾಕ್ಟರು ಸೋಮವಾರ ಸುರುವಾದದ್ದು ಕಡಿಮೆ.

ಆ ಟೀವಿಯ ಮುಂದೆ ಕೂತವರಲ್ಲಿ ಮೂವರನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಒಬ್ಬಳು ನಮ್ಮ ಆಯಿ. ಆಕೆಗೆ ಕನ್ನಡ ಬಿಟ್ಟರೆ ಬಜಾರದ ಮರಾಠಿ, ಹಿಂದಿ ಇಲ್ಲವೇ ಇಲ್ಲ. ಇನ್ನೊಬ್ಬರು ಹಿಂದಿ ಕಲಿಸುವ ಮಾಸ್ತರು. ಮೂರನೆಯವರು ಗಡಿಯಾರ ರಿಪೇರಿಯ ಚಾಚಾ. ನಿಜಾಮನ ಕಾಲದಲ್ಲಿ ಸಾಲೆ ಕಲಿತವರು. ಆಗ ನಮ್ಮ ಕಡೆ ಸಾಲೆ, ಕಚೇರಿ ಎಲ್ಲವೂ ಉರ್ದು. ನಮ್ಮ ಕಡೆಯ ನಿಲಂಗಾ, ಉದ್ಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು, ಆಮೇಲೆ ಗಡಿಯ ಈಚೆ ಮರಾಠಿ ಸೀಮೆಗೆ ಬಂದವು. ನಕಾಶೆ ಬದಲಾಯಿತು ಅಂತ ಚಾಚಾನ ಓದು ಬದಲಾಗಲಿಲ್ಲ. ದೇವನಾಗರಿಯಲ್ಲಿ ಅವರು ಅಂಗಡಿ ಬೋರ್ಡು ಓದುವಷ್ಟು, ಬಸ್ಸಿನ ಹಲಗೆ ಓದುವಷ್ಟು ಮಾತ್ರ.

ಮೊದಲನೆಯ ತಕರಾರು ಆಯಿಯದು. ಪರದೆಯ ಮೇಲೆ ಕಥೆಯ ಖಳ ರಾಜಾ ಶಿವದತ್ತ ಬಂದ ಕೂಡಲೇ, “ಅಯ್ಯ, ಕರ್ಣ ಯಾಕ ಹಿಂಗಾದ?” ಅಂದಳು. ಆಕೆಯ ತಪ್ಪಲ್ಲ. 1988ರಿಂದ 90ರ ತನಕ ಬಿ.ಆರ್. ಚೋಪ್ರಾರ ಮಹಾಭಾರತದಲ್ಲಿ ಕರ್ಣನಾಗಿದ್ದ ಪಂಕಜ್ ಧೀರ್ ಅವರೇ ಇಲ್ಲಿ ಶಿವದತ್ತ. ಮರಾಠಿ ಓದುವ ಮನೆಗಳಲ್ಲಿ ಆ ಕರ್ಣನ ಮೇಲೂ ಒಂದು ಜಗಳ ಆಗಿಹೋಗಿತ್ತು. ಶಿವಾಜಿ ಸಾವಂತರ ‘ಮೃತ್ಯುಂಜಯ’ ಓದಿದವರು ತಮ್ಮ ಕರ್ಣನನ್ನು ಟೀವಿಯಲ್ಲಿ ಹುಡುಕುತ್ತಿದ್ದರು. ಆಯಿ ಕೇಳಿದ್ದು ಕುಮಾರವ್ಯಾಸನ ವಾಚನ, ಆಕೆಯ ಕರ್ಣ ಬೇರೆ. ಒಂದೇ ಪಡಸಾಲೆಯಲ್ಲಿ ಮೂರು ಕರ್ಣರು. ಆದರೆ ಶಿವದತ್ತನ ವೇಷದಲ್ಲಿ ಬಂದ ಕರ್ಣನನ್ನು ಆಕೆ ಕಡೆಯತನಕ ಕ್ಷಮಿಸಲಿಲ್ಲ.

ಎರಡನೆಯ ತಕರಾರು ದೊಡ್ಡದು. ಧಾರಾವಾಹಿಯಲ್ಲಿ ‘ತಿಲಿಸ್ಮ್’ ಅನ್ನುವ ಶಬ್ದ ಬಂತು. ನಮಗೆ ಅರ್ಥ ಆಗಲಿಲ್ಲ, ಚಾಚಾನ ಮುಖ ಅರಳಿತು. ಬೀಡಿ ಆರಿಸಿ ಹೇಳತೊಡಗಿದರು. ಅಮೀರ್ ಹಮ್ಜಾನ ದಾಸ್ತಾನು, ಅಂದರೆ ಉರ್ದುವಿನ ಉದ್ದನೆಯ ಕಥೆ, ಅದರೊಳಗಿನ ‘ತಿಲಿಸ್ಮ್-ಎ-ಹೋಶ್‌ರುಬಾ’. ಲಖನೌದ ನವಲ್ ಕಿಶೋರ್ ಪ್ರೆಸ್ಸಿನವರು 1883ರಿಂದ ಸಂಪುಟದ ಮೇಲೆ ಸಂಪುಟವಾಗಿ ಅಚ್ಚು ಹಾಕಿದ್ದು. ಜಾದೂಗಾರರು ಕಟ್ಟಿದ ಲೋಕವೇ ತಿಲಿಸ್ಮ್. ಅದರಲ್ಲಿ ಅಮರ್ ಅಯ್ಯಾರ್ ಅನ್ನುವ ಮಹಾ ಚಾಲಾಕಿ. ಅವನ ಹತ್ತಿರ ಜಂಬೀಲ್ ಅನ್ನುವ ಚೀಲ. ಆನೆ ಹಾಕಿದರೂ ಹಿಡಿಯುತ್ತದೆ, ಅರಮನೆ ಹಾಕಿದರೂ ಹಿಡಿಯುತ್ತದೆ. “ಟೀವಿಯವರು ಸರಿ ತೋರಿಸ್ಲಿಕತ್ತಾರ, ಜಾದೂ ಇಲ್ಲದ ತಿಲಿಸ್ಮ್ ಎಲ್ಲೈತಿ?” ಇದು ಚಾಚಾನ ತೀರ್ಪು.

ಮಾಸ್ತರು ಒಪ್ಪಲಿಲ್ಲ. ಇದು ದಾಸ್ತಾನಲ್ಲ, ಕಾದಂಬರಿ, ಬರೆದವರು ದೇವಕೀನಂದನ ಖತ್ರಿ, ಅದರಲ್ಲಿ ಜಾದೂ ಇಲ್ಲ ಅಂದರು. ಪುಸ್ತಕ ತೋರಿಸ್ರಿ ಅಂದರು ಚಾಚಾ. ಮಾಸ್ತರ ಹತ್ತಿರ ಪುಸ್ತಕ ಇರಲಿಲ್ಲ. ಕಾಲೇಜಿನಲ್ಲಿದ್ದಾಗ ಓದಿದ್ದು. ಮಾನದ ಪ್ರಶ್ನೆ ಬಂದ ಮೇಲೆ ಕೇಳಬೇಕೆ? ಮುಂದಿನ ರಜೆಗೆ ಸೋಲಾಪುರಕ್ಕೆ ಹೋಗಿ ಪುಸ್ತಕ ತಂದರು. ಮತ್ತೆ ಪ್ರತಿ ಭಾನುವಾರ ಧಾರಾವಾಹಿ ಮುಗಿದ ಮೇಲೆ ಅದೇ ಪಡಸಾಲೆಯಲ್ಲಿ ಹಿಂದಿಯಲ್ಲಿ ಓದಿ, ಆಯಿಗಾಗಿ ಕನ್ನಡದಲ್ಲಿ ಹೇಳುವುದು ಸುರುವಾಯಿತು.

ಖತ್ರಿಯ ಬಗ್ಗೆ ಸ್ವಲ್ಪ ಹೇಳಬೇಕು. ಹುಟ್ಟಿದ್ದು 1861ರಲ್ಲಿ, ಬಿಹಾರದ ಪೂಸಾ ಕಡೆ. ಮೊದಲು ಕಲಿತದ್ದು ಉರ್ದು, ಪಾರಸಿ. ಆಮೇಲೆ ಕಾಶಿಗೆ ಬಂದು, ಕಾಶಿ ಮಹಾರಾಜರಿಂದ ಚಕಿಯಾ ಮತ್ತು ನೌಗಢದ ಅಡವಿಯ ಗುತ್ತಿಗೆ ಹಿಡಿದ. ಮರ ಲೆಕ್ಕ ಹಾಕಲು ಹೋದವನ ಕಣ್ಣಿಗೆ ಬಿದ್ದದ್ದು ಹಾಳು ಕೋಟೆ, ಗವಿ, ಕಣಿವೆ. ಗುತ್ತಿಗೆ ಹೋದ ಮೇಲೆ ಕಾದಂಬರಿ ಬರೆಯಲು ಕೂತ. 1888ರಲ್ಲಿ ‘ಚಂದ್ರಕಾಂತಾ’ ಬಂತು. ಅದನ್ನು ಓದುವುದಕ್ಕಾಗಿಯೇ ಉರ್ದು ಮಾತ್ರ ಬಲ್ಲ ಎಷ್ಟೋ ಜನ ನಾಗರಿ ಅಕ್ಷರ ಕಲಿತರು ಎಂದು ಹಿಂದಿಯವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ‘ಚಂದ್ರಕಾಂತಾ ಸಂತತಿ’, ಇಪ್ಪತ್ನಾಲ್ಕು ಭಾಗ. ಆಮೇಲೆ ‘ಭೂತನಾಥ’. ಅದು ಮುಗಿಯುವ ಮೊದಲೇ 1913ರಲ್ಲಿ ತೀರಿಕೊಂಡ. ಮಗ ದುರ್ಗಾಪ್ರಸಾದ ಖತ್ರಿ ಅಪ್ಪ ಬಿಟ್ಟಲ್ಲಿಂದ ಹಿಡಿದು ಮುಗಿಸಿದ.

ಈಗ ಜಗಳದ ಗಂಟಿಗೆ ಬರುತ್ತೇನೆ. ಖತ್ರಿ ತಿಲಿಸ್ಮ್ ಅನ್ನುವ ಶಬ್ದವನ್ನೂ ಅಯ್ಯಾರ್ ಅನ್ನುವ ಪಾತ್ರವನ್ನೂ ದಾಸ್ತಾನಿನಿಂದಲೇ ತಂದ. ಆದರೆ ತರುವಾಗ ಜಾದೂವನ್ನು ಅಲ್ಲೇ ಬಿಟ್ಟು ಬಂದ. ಅವನ ಅಯ್ಯಾರನ ಹೆಗಲಲ್ಲಿರುವುದು ಬಟುವಾ, ಅಂದರೆ ನಮ್ಮ ಸಂಚಿ. ಅದರೊಳಗೆ ಹಿಡಿಸುವಷ್ಟೇ ಸಾಮಾನು. ವೇಷ ಬದಲಿಸುವ ಬಣ್ಣ, ಎಚ್ಚರ ತಪ್ಪಿಸುವ ಪುಡಿ, ಎಚ್ಚರಿಸಲು ಮೂಗಿಗೆ ಹಿಡಿಯುವ ಲಖಲಖಾ. ಗೋಡೆ ಏರಬೇಕಾದರೆ ಕಮಂದ್ ಹಗ್ಗ ಬೇಕು. ಒಬ್ಬ ಅಯ್ಯಾರ ಇನ್ನೊಬ್ಬನ ರೂಪ ತಾಳಬೇಕಾದರೆ ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಕೊಳ್ಳಬೇಕು. ಹುಂ ಅಂದರೆ ಬದಲಾಗುವುದಿಲ್ಲ. ಈ ಭಾಗ ಬಂದಾಗ ಆಯಿ ತನ್ನ ಎಲೆ ಅಡಿಕೆ ಸಂಚಿ ಬಿಚ್ಚಿ, ಅಡಕೊತ್ತು, ಸುಣ್ಣದ ಡಬ್ಬಿ, ಲವಂಗ ಒಂದೊಂದಾಗಿ ಚಾಪೆ ಮೇಲೆ ಇಟ್ಟು, “ಇಷ್ಟರಾಗ ರಾಜ್ಯ ಗೆಲ್ತಾರೇನು?” ಎಂದು ಕೇಳಿದ್ದು ನೆನಪಿದೆ.

ತಿಲಿಸ್ಮ್ ಕೂಡ ಹಾಗೇ. ಹಳೆಯ ರಾಜರು ನಿಧಿ ಕಾಯಲು ಕಟ್ಟಿಸಿದ ಕಟ್ಟಡ ಅದು. ಕೀಲಿ, ಗುಂಡಿ, ನೆಲಮಾಳಿಗೆ, ತಾನೇ ಮುಚ್ಚುವ ಬಾಗಿಲು. ಅದನ್ನು ಒಡೆಯುವ ಕ್ರಮ ಒಂದು ಗ್ರಂಥದಲ್ಲಿ ಬರೆದಿರುತ್ತದೆ. ಅಲ್ಲೊಂದು ಕಲ್ಲಿನ ಕೊಕ್ಕರೆ ಇದೆ. ಹತ್ತಿರ ಹೋದವರನ್ನು ಬಾಯಿ ತೆರೆದು ನುಂಗಿಬಿಡುತ್ತದೆ. ರಾಜಕುಮಾರಿ ಚಂದ್ರಕಾಂತೆಯೂ ಅವಳ ಗೆಳತಿ ಚಪಲೆಯೂ ಅದರ ಬಾಯಿಗೆ ಬಿದ್ದರು. ಮಾಸ್ತರು ಅಲ್ಲಿಗೆ ಪುಸ್ತಕ ಮುಚ್ಚಿದರು. ಬೇಕಂತಲೇ.

ಚಾಚಾ ಗೆದ್ದವರ ಹಾಗೆ ನಕ್ಕು, “ಕಲ್ಲು ನುಂಗ್ತದ ಅಂದ್ರ ಅದು ಜಾದೂ ಅಲ್ದೆ ಮತ್ತೇನು?” ಅಂದರು. ಮುಂದಿನ ವಾರಗಳಲ್ಲಿ ಗೊತ್ತಾಯಿತು, ಕೊಕ್ಕರೆಯ ಒಳಗಿರುವುದು ಯಂತ್ರ. ಅಲ್ಲಿಗೆ ಚಾಚಾ ಮಾತು ನಿಲ್ಲಿಸಿದರು. ಸೋತರು ಅಂತ ನಾವು ತಿಳಿದೆವು. ಮರುದಿನ ಸಾಲೆಗೆ ಹೋಗುವಾಗ ಅವರ ಅಂಗಡಿ ಕಟ್ಟೆ ಮೇಲೆ ಒಂದು ಅಲಾರಾಂ ಗಡಿಯಾರ ಹೊಟ್ಟೆ ಬಿಚ್ಚಿ ಬಿದ್ದಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನನ್ನನ್ನು ಕರೆದರು. ಚಿಮಟದ ತುದಿಯಿಂದ ಒಂದು ಸಣ್ಣ ಕೊಂಡಿ ಮುಟ್ಟಿದರು. ಸುತ್ತಿ ಕೂತಿದ್ದ ಸ್ಪ್ರಿಂಗು ಸರ್ರನೆ ಬಿಚ್ಚಿಕೊಂಡಿತು, ಸುತ್ತಿಗೆ ಗಂಟೆಯನ್ನು ಬಡಿಯತೊಡಗಿತು. “ನಾ ಮುಟ್ಟಿದ್ದು ಇಷ್ಟs” ಎಂದು ಉಗುರಿನ ತುದಿ ತೋರಿಸಿದರು. “ಆ ಖತ್ರಿ ಸಾಹೇಬ ನಮ್ಮ ಕಸುಬಿನವ ಅದಾನು.” ಅವತ್ತಿನಿಂದ ಪಕ್ಷ ಬದಲಾಯಿತು. ಧಾರಾವಾಹಿಯಲ್ಲಿ ಹೊಗೆ ಎದ್ದು, ಬೆಳಕು ಮಿಂಚಿ, ಮನುಷ್ಯ ಮಾಯವಾದಾಗಲೆಲ್ಲ ಮೊದಲು ಬಯ್ಯುತ್ತಿದ್ದವರು ಅವರೇ.

ನನಗೆ ಇದರಲ್ಲಿ ಹಿಡಿಸಿದ್ದು ಇದು. ಧಾರಾವಾಹಿಯವರು ಮೂಲ ಬಿಟ್ಟರು ಅಂತ ಮಾಸ್ತರು ಹೇಳುತ್ತಿದ್ದರಲ್ಲ, ನಿಜವಾಗಿ ನೋಡಿದರೆ ಅವರು ಖತ್ರಿಯನ್ನು ಹಾಯ್ದು ಇನ್ನೂ ಹಿಂದಕ್ಕೆ, ದಾಸ್ತಾನಿಗೆ ಹೋಗಿ ಕೂತಿದ್ದರು. ಖತ್ರಿ ಕಷ್ಟಪಟ್ಟು ಹೊರಗೆ ಹಾಕಿದ ಜಾದೂವನ್ನು ನೂರು ವರ್ಷದ ಮೇಲೆ ಮತ್ತೆ ಒಳಗೆ ಕರೆದರು. ಚಾಚಾ ಮೊದಲ ವಾರ ಹೇಳಿದ್ದು ಸುಳ್ಳಲ್ಲ. ಅದು ಮೂಲಕ್ಕೆ ನಿಷ್ಠವಾಗಿಯೇ ಇತ್ತು, ಮೂಲ ಮಾತ್ರ ಬೇರೆ. ಇದು ಕಲ್ಯಾಣದ ನೆರೆಯವರಾದ ನಮಗೆ ಹೊಸದೇನಲ್ಲ. ಹರಿಹರನ ರಗಳೆಯಲ್ಲಿ ಅಲ್ಲಮ ಕಮಲತೆಯನ್ನು ಪ್ರೀತಿಸಿ, ಅವಳು ಸತ್ತಾಗ ಹುಚ್ಚನಂತೆ ಅಲೆದವನು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆ ಎಷ್ಟು ಕುಣಿದರೂ ಅವನು ಕೈಗೆ ಸಿಗುವುದಿಲ್ಲ. ಯಾವ ಅಲ್ಲಮ ಖರೆ ಎಂದು ಮಠದ ಕಟ್ಟೆಯ ಮೇಲೆ ನಮ್ಮ ಮುತ್ಯಾಗಳು ರಾತ್ರಿಗಟ್ಟಲೆ ವಾದ ಮಾಡಿದವರು.

ಧಾರಾವಾಹಿಯ ಇನ್ನೊಬ್ಬ ಖಳ ಕ್ರೂರಸಿಂಗನ ಸಂಗತಿ ಬೇರೆ. ಆ ವೇಷದಲ್ಲಿ ಅಖಿಲೇಂದ್ರ ಮಿಶ್ರಾ, ಮೇಲಕ್ಕೆ ಏರಿದ ಆ ಹುಬ್ಬು, ಮಾತಿಗೊಮ್ಮೆ “ಯಕ್ಕೂ”. ಸಾಲೆಯಲ್ಲಿ ಯಾವ ಹುಡುಗ ಯಕ್ಕೂ ಅನ್ನದೆ ಬೆಂಚಿನಿಂದ ಎದ್ದಾನು? ಪುಸ್ತಕದಲ್ಲಿ ಇವನು ದಿವಾನನ ಮಗ, ಹೊಟ್ಟೆಕಿಚ್ಚಿನ ಮನುಷ್ಯ. ಶಿವದತ್ತನನ್ನು ಕಥೆಯೊಳಗೆ ಎಳೆದು ತಂದ ಮೇಲೆ ಅವನ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಟೀವಿಯಲ್ಲಿ ಅವನು ಬೆಳೆದ, ಬೆಳೆದ, ಕಥಾನಾಯಕನನ್ನೇ ನುಂಗುವಷ್ಟು ಬೆಳೆದ. ಮಾಸ್ತರಿಗೆ ಇದು ಅಕ್ಷಮ್ಯ. ಆಯಿಗೆ ಮಾತ್ರ ಏನೂ ಅನ್ನಿಸಲಿಲ್ಲ. ದೊಡ್ಡಾಟದಲ್ಲಿ ಕೀಚಕನ ವೇಷದವನು ಜೋರಿದ್ದರೆ ಬೆಳಗಿನ ಜಾವದ ತನಕ ಕೀಚಕ ಸಾಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಪುಸ್ತಕದಲ್ಲಿ ಪಾತ್ರ ಎಷ್ಟು ಪುಟ ಎಂದು ಬರೆದವನು ನಿಶ್ಚಯಿಸುತ್ತಾನೆ. ಆಟದಲ್ಲಿ ಅದನ್ನು ನಿಶ್ಚಯಿಸುವುದು ಗೆಜ್ಜೆ ಕಟ್ಟಿದ ಕಾಲು, ಮುಂದೆ ಕೂತ ಜನ. ಇದರಲ್ಲಿ ನಾನು ಆಯಿಯ ಪಕ್ಷ.

ಅಂದರೆ ಪಾತ್ರ ಕೂಡಿಸಿದರು, ಕಳೆದರು, ಹಿಗ್ಗಿಸಿದರು ಅನ್ನುವ ದೂರುಗಳನ್ನು ನಾನು ಬಹಳ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಕಥೆಯ ಕಟ್ಟಳೆ ಮುರಿದರೆ ಮಾತು ಬೇರೆ. ಆರ್.ಕೆ. ನಾರಾಯಣ್ ತಮ್ಮ ‘ಗೈಡ್’ ಕಾದಂಬರಿಯ ಚಿತ್ರ ಮಾಡುವವರನ್ನು ಮೈಸೂರಿನ ಸುತ್ತಮುತ್ತ ಓಡಾಡಿಸಿ ಊರು ತೋರಿಸಿದರು, ಅವರು ಹೋಗಿ ರಾಜಸ್ಥಾನದಲ್ಲಿ ಚಿತ್ರ ತೆಗೆದರು. ನಾರಾಯಣ್‌ಗೆ ಸಿಟ್ಟು ಬಂದದ್ದು ನ್ಯಾಯವೇ. ಅವರ ಮಾಲ್ಗುಡಿ ಸಣ್ಣ ಊರು, ಅಲ್ಲಿ ಅರಮನೆ ನಿಂತರೆ ಊರೇ ಸುಳ್ಳಾಗುತ್ತದೆ. ಪ್ರತಿ ಕಥೆಗೂ ತನ್ನದೊಂದು ಕಟ್ಟಳೆ ಇರುತ್ತದೆ. ಮಾಯದ ಕಥೆಗಂತೂ ಇನ್ನೂ ಬಿಗಿ. ಖತ್ರಿಯ ಕಟ್ಟಳೆ ಏನೆಂದರೆ, ಇಲ್ಲಿ ಆಗುವುದೆಲ್ಲ ಕೈಯಿಂದ ಆಗಬೇಕು. ಅದನ್ನು ಮುರಿದರೆ ಚಪಲೆಯ ಜಾಣತನಕ್ಕೆ ಬೆಲೆ ಉಳಿಯುವುದಿಲ್ಲ. ಮಂತ್ರ ಹಾಕಿದರೆ ಆಗುವ ಕೆಲಸಕ್ಕೆ ಆಕೆ ಯಾಕೆ ಗೋಡೆ ಏರಿ ಮೊಣಕಾಲು ಕೆತ್ತಿಸಿಕೊಳ್ಳಬೇಕು?

ತಂಗಿಯ ಮಗನ ವ್ಯಾಜ್ಯವೂ ಕಡೆಗೆ ಇಲ್ಲಿಗೇ ಬಂತು. ನಾನು ಕೇಳಿ ತಿಳಿದುಕೊಂಡೆ. 2011ರಿಂದ 2019ರ ತನಕ ಎಂಟು ಸೀಸನ್, 73 ಕಂತು. ಮೊದಲ ಆರು ಸೀಸನ್ ಹತ್ತತ್ತು ಕಂತು, ಆಮೇಲೆ ಏಳು, ಕಡೆಗೆ ಆರು. ಮೂಲ ಕಾದಂಬರಿಗಳ ಲೇಖಕ ಮಾರ್ಟಿನ್ ಬರೆದ ಐದನೆಯ ಪುಸ್ತಕ 2011ರದು. ಆರನೆಯದು ಬರುವ ಮೊದಲೇ ಟೀವಿ ಕಥೆ ಮುಗಿಸಿಬಿಟ್ಟಿತು. ಕಡೆಯ ಸೀಸನ್ ಮತ್ತೆ ತೆಗೆಯಿರಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರಂತೆ. ನಿನ್ನ ಸಿಟ್ಟು ಯಾವುದರ ಮೇಲೆ ಅಂದೆ. ಡ್ರ್ಯಾಗನ್ ಮೇಲಲ್ಲ, ಅವನಿಗೆ ಡ್ರ್ಯಾಗನ್ ಒಪ್ಪಿಗೆ. “ಮಾಮಾ, ಮೊದಲ ಒಂದು ಊರಿಂದ ಇನ್ನೊಂದು ಊರಿಗೆ ಕುದುರಿ ಮ್ಯಾಲ ಹೋಗ್ಲಿಕ್ಕ ಎಷ್ಟೋ ಕಂತು ಹಿಡೀತಿತ್ತು. ಕಡೀಕ ಕಣ್ಣು ಮಿಟುಕಿಸೂದ್ರಾಗ ಹೋಗಿ ನಿಲ್ತಾರ.” ಕೇಳಿ ನನಗೆ ಚಾಚಾನೇ ಎದುರು ಕೂತ ಹಾಗಾಯಿತು. ನಿಮಗೆ ತಿಳಿಯುವುದಿಲ್ಲ ಎಂದು ಹುಡುಗ ಇನ್ನೊಮ್ಮೆ ಅನ್ನಲಿಲ್ಲ.

2017ರಲ್ಲಿ ಒಂದೇ ವರ್ಷ ಎರಡು ಚಾನೆಲ್‌ಗಳು ಹೊಸದಾಗಿ ಚಂದ್ರಕಾಂತಾ ಮಾಡಿದವು. ಎರಡನ್ನೂ ಸ್ವಲ್ಪ ಸ್ವಲ್ಪ ನೋಡಿದೆ. ಗ್ರಾಫಿಕ್ಸು ಬಹಳ, ಸಂಚಿ ಇಲ್ಲ. ಅದರ ಬಗ್ಗೆ ಇಷ್ಟು ಸಾಕು.

ಮಾಸ್ತರು ತಂದ ಆ ಪುಸ್ತಕ ಈಗ ನನ್ನ ಹತ್ತಿರ ಇದೆ, ಇವತ್ತು ತಂದಿದ್ದೇನೆ. ನಡುವೆ ಒಂದು ಹಂಗಾಮು ಅದು ಚಾಚಾನ ಅಂಗಡಿಯಲ್ಲಿತ್ತು. ಬೋರ್ಡು ಓದುವಷ್ಟು ನಾಗರಿ ಬಲ್ಲವರು ಅರವತ್ತು ದಾಟಿದ ಮೇಲೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೇಳಿದ್ದ ಕಥೆಯನ್ನು ತಮ್ಮಷ್ಟಕ್ಕೆ ತಾವು ಓದಿದರು. ಕೊಕ್ಕರೆ ಬರುವ ಪುಟದ ಅಂಚಿನಲ್ಲಿ ಅವರ ಪೆನ್ಸಿಲ್ಲಿನ ಚಿತ್ರ ಇದೆ. ಕೊಕ್ಕು, ಅದರ ಕೆಳಗೆ ಒಂದು ಸನ್ನೆಗೋಲು, ಹೊಟ್ಟೆಯಲ್ಲಿ ಸುತ್ತಿದ ಸ್ಪ್ರಿಂಗು, ಬಾಲದ ಕಡೆ ತೂಕದ ಗುಂಡು. ಬಾಣದ ಗುರುತು ಹಾಕಿ ಬಾಯಿ ಹೇಗೆ ತೆರೆಯುತ್ತದೆ ಎಂದು ಉರ್ದುವಿನಲ್ಲಿ ಬರೆದಿದ್ದಾರೆ. ಬಾಯಿ ಮತ್ತೆ ಮುಚ್ಚುವುದು ಹೇಗೆ ಎನ್ನುವ ಕಡೆ ಎರಡು ಸಲ ಬರೆದು, ಎರಡು ಸಲ ಅಳಿಸಿ, ಉರ್ದುವಿನವರು ಹಾಕುವ ಹಾಗೆ ಬೆನ್ನು ತಿರುಗಿಸಿದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದಾರೆ. ಪುಸ್ತಕ ಇಲ್ಲಿ ಮೇಜಿನ ಮೇಲೆ ಇಟ್ಟಿರುತ್ತೇನೆ. ಕೀಲುಕೆಲಸ ಬಲ್ಲವರು ಯಾರಾದರೂ ಸಭೆಯಲ್ಲಿದ್ದರೆ ಬಂದು ನೋಡಬಹುದು.