ಅಜ್ಜನ ಟ್ರಂಕಿನಲ್ಲಿದ್ದ ಕಾಗದ

ಈ ವಾರ ಅತಿಥಿ ಯಾರೂ ಇಲ್ಲ, ನಾನೊಬ್ಬಳೇ ಮಾತಾಡ್ತೀನಿ. ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಆರಾಮಾಗಿ ಕೂತ್ಕೊಳ್ಳಿ. ನಮ್ಮಜ್ಜನ ಕಥೆ ಇದು, ಸ್ವಲ್ಪ ಸುತ್ತಿ ಬಳಸಿ ಬರುತ್ತೆ.

ಅಜ್ಜ ತೀರಿಕೊಂಡು ಹೋದ ತಿಂಗಳಿಗೆ ಒಂದು ವರ್ಷ ಆಯ್ತು. ವರ್ಷದ ಕಾರ್ಯಕ್ಕೆ ಅಂತ ಸಾಗರಕ್ಕೆ ಹೋಗಿದ್ದೆ. ನಾವು ಕರೆದಿದ್ದು ನೆಂಟರನ್ನು ಮಾತ್ರ. ಬಂದಿದ್ದು ಮಾತ್ರ ಅವರ ಹಳೇ ವಿದ್ಯಾರ್ಥಿಗಳು. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಅಡಿಕೆ ಮಂಡಿ ಇಟ್ಟವರು, ಒಬ್ಬರು ತಹಶೀಲ್ದಾರ್ ಆಗಿದ್ದವರು. ಎಲ್ಲರಿಗೂ ಅರವತ್ತು ದಾಟಿದೆ, ಆದ್ರೂ ಅಜ್ಜನ ಫೋಟೋ ಮುಂದೆ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತಿದ್ರು. ಆರಡಿ ಎತ್ತರದ ಮನುಷ್ಯ ಹಾಗೆ ನಿಂತ್ರೆ ನೋಡೋಕೆ ನಗುನೂ ಬರುತ್ತೆ, ಗಂಟಲೂ ಕಟ್ಟುತ್ತೆ.

ಅಜ್ಜ 1964ರಿಂದ 1997ರವರೆಗೆ ಸರ್ಕಾರಿ ಹೈಸ್ಕೂಲುಗಳಲ್ಲಿ ಚರಿತ್ರೆ ಮೇಷ್ಟ್ರು. ಆವಾಗೆಲ್ಲ 58ಕ್ಕೆ ನಿವೃತ್ತಿ. ಆಮೇಲೆ 28 ವರ್ಷ ಬದುಕಿದ್ರು. ಅಷ್ಟೂ ವರ್ಷ ಬೆಳಗ್ಗೆ ಅಜ್ಜಿಗೆ ಕಾಫಿ ಮಾಡಿಕೊಟ್ಟಿದ್ದು ಅವರೇ. ಮೂರು ಮಕ್ಕಳ ಫೀಸು, ಮನೆ ಸಾಲದ ಕಂತು, ಹಾಲಿನ ಲೆಕ್ಕ ಎಲ್ಲ ಒಂದೇ ಉದ್ದದ ನೋಟ್‌ಬುಕ್ಕಲ್ಲಿ. ಅತ್ತೆಯ ಮದುವೆಗೆ ಖರ್ಚಾದ ಬಾಳೆಎಲೆ ಎಷ್ಟು ಅನ್ನೋದೂ ಅದರಲ್ಲಿದೆ.

ಬಂದ ವಿದ್ಯಾರ್ಥಿಗಳೆಲ್ಲ ಹೇಳಿದ್ದು ಒಂದೇ ಕಥೆ. ಎಂಟನೇ ಕ್ಲಾಸಿನ ಮೊದಲ ದಿನ ಮೇಷ್ಟ್ರು ಪುಸ್ತಕ ತೆಗೆಸ್ತಿರಲಿಲ್ಲವಂತೆ. "ನಿಮ್ಮ ಮನೆಯಲ್ಲಿರೋ ಅತೀ ಹಳೇ ಕಾಗದ ನಾಳೆ ತಗೊಂಡು ಬನ್ನಿ" ಅಂತಿದ್ರಂತೆ. ಒಬ್ಬ ಗೇಣಿ ಚೀಟಿ ತಂದ, ಒಬ್ಬಳು ಅವರಜ್ಜನ ಜಾತಕ ತಂದಳು. ಮುಂದೆ ತಹಶೀಲ್ದಾರ್ ಆದವರ ಮನೆಯಲ್ಲಿ ಕಾಗದವೇ ಇರಲಿಲ್ಲ, ಬರೀ ಕೈಯಲ್ಲಿ ಹೋಗಿ ಅಳ್ತಾ ನಿಂತಿದ್ರಂತೆ. ಅದಕ್ಕೆ ಅಜ್ಜ, "ಕಾಗದ ಇಲ್ಲದ ಮನೆಗೂ ಚರಿತ್ರೆ ಇರುತ್ತೆ ಕಣೋ, ನಿಮ್ಮಜ್ಜಿನ ಕೇಳಿ ಬರಕೊಂಡು ಬಾ" ಅಂದ್ರಂತೆ.

ಆ ಕಾಗದಗಳನ್ನ ಇಟ್ಕೊಂಡು ಮೂರು ಪ್ರಶ್ನೆ ಕೇಳೋರು. ಯಾರು ಬರೆದಿದ್ದು? ಯಾವಾಗ ಬರೆದಿದ್ದು? ಬರೆದವರು ನೋಡಿದ್ದಾ, ಕೇಳಿದ್ದಾ? ಈ ಪ್ರಶ್ನೆಗಳು ನನಗೂ ಚೆನ್ನಾಗಿ ಗೊತ್ತು. ನಾನು ಫ್ಯಾಮಿಲಿ ಗ್ರೂಪಿಗೆ ಯಾವುದಾದ್ರೂ ಫಾರ್ವರ್ಡ್ ಹಾಕಿದ್ರೆ ಸಾಕು, ಅಜ್ಜ ಫೋನ್ ಮಾಡಿ ಇದನ್ನೇ ಕೇಳೋರು. ಮೂರನೇ ಸಲದ ಹೊತ್ತಿಗೆ ನಾನು ಫಾರ್ವರ್ಡ್ ಮಾಡೋದೇ ಬಿಟ್ಟೆ.

ಅವರಿಗೂ ಅದೇ ರೂಲ್ಸು. ಕನ್ನಡದ ಮೊದಲ ಶಾಸನ ಹಲ್ಮಿಡಿಯದು, ಸುಮಾರು ಕ್ರಿ.ಶ. 450ರದ್ದು ಅಂತ 33 ವರ್ಷ ಪಾಠ ಮಾಡಿದವರು. ಆಮೇಲೆ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ತು, ಅದು ಹಲ್ಮಿಡಿಗಿಂತ ಹಳೇದು, 370ರ ಸುಮಾರಿನದು ಅಂತ ಪೇಪರಲ್ಲಿ ಬಂತು. ಅಜ್ಜ ಮಾರನೇ ದಿನ ಬಸ್ ಹತ್ತಿ ತಾಳಗುಂದಕ್ಕೆ ಹೋದ್ರು. ವಾಪಸ್ ಬಂದವರೇ ನಂಬರ್ ಇದ್ದ ಹಳೇ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ, "ಅವತ್ತು ಹೇಳಿಕೊಟ್ಟಿದ್ದು ತಿದ್ದಿಕೋ ಮಾರಾಯ" ಅಂದ್ರು. ಆ ಫೋನ್ ತಗೊಂಡ ಕಂಡಕ್ಟರ್ ಮೊನ್ನೆ ಹೇಳ್ತಿದ್ರು: "ನಾನು ಫೇಲಾದ ಸಬ್ಜೆಕ್ಟು, ಏನು ತಿದ್ದಲಿ ಸಾರ್ ಅಂದೆ."

ಸರಿ, ಈಗ ವಿಷಯಕ್ಕೆ ಬರ್ತೀನಿ. ಎಲ್ಲರ ಮನೆ ಕಾಗದ ಕೇಳಿದ ಮನುಷ್ಯ ತಮ್ಮ ಮನೆಯ ವಿಷಯ ನಮಗೆ ಹೇಳ್ತಾನೇ ಇರಲಿಲ್ಲ.

ಅಜ್ಜ ಹುಟ್ಟಿದ್ದು 1939ರಲ್ಲಿ, ಶರಾವತಿ ಕಣಿವೆಯ ಕರೂರು ಸೀಮೆಯ ಒಂದು ಸಣ್ಣ ಊರಲ್ಲಿ. ಆ ಊರು ಈಗ ಇಲ್ಲ, 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಕೆಳಗಿದೆ. ನಮ್ಮ ಕಡೆ ಇದಕ್ಕೆ ಒಂದೇ ಪದ, ಮುಳುಗಡೆ. ಜೋಗದ ಕರೆಂಟು ಬೆಂಗಳೂರಿನ ಫ್ಯಾಕ್ಟರಿಗಳಿಗೆ ಹೋಯ್ತು, ಊರು ಬಿಟ್ಟವರನ್ನ ಲಾರಿಯಲ್ಲಿ ತುಂಬಿ ಬೇರೆ ತಾಲ್ಲೂಕುಗಳ ಕಾಡಲ್ಲಿ ಇಳಿಸಿದ್ರು. 60 ವರ್ಷ ಆದ್ರೂ ಅವರಲ್ಲಿ ಎಷ್ಟೋ ಮನೆಗಳಿಗೆ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ನಮ್ಮ ಮುತ್ತಜ್ಜ ಗೇಣಿದಾರ. ಜಮೀನು ಒಡೆಯರದ್ದು, ಹಾಗಾಗಿ ಪರಿಹಾರವೂ ಒಡೆಯರಿಗೇ ಹೋಯ್ತು.

ಗೇಣಿ ಅಂದ್ರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಬೆಳೆದ ಭತ್ತದಲ್ಲಿ ಒಡೆಯರ ಪಾಲನ್ನ ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಆ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋ ಜಗಳವೇ 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಸತ್ಯಾಗ್ರಹ ಆಯ್ತು. ಗಣಪತಿಯಪ್ಪನವರು ಮುಂದೆ ನಿಂತ್ರು, ಲೋಹಿಯಾ ಬಂದು ಅರೆಸ್ಟ್ ಆದ್ರು. ಅಜ್ಜನಿಗೆ ಆಗ 12 ವರ್ಷ. ಇದನ್ನ ಪಾಠ ಮಾಡುವಾಗ ಮನೆಯ ಹಳೇ ಕೊಳಗ ತಗೊಂಡು ಹೋಗಿ ಮಕ್ಕಳ ಕೈಲಿ ಅಳೆಸೋರು. ಆದ್ರೆ ಅದು ಯಾರ ಮನೆ ಕೊಳಗ ಅಂತ ಹೇಳ್ತಿರಲಿಲ್ಲ. ನಮಗೂ ಹೇಳಲಿಲ್ಲ. ನಾವು ಅದರಲ್ಲಿ ಬಟ್ಟೆ ಕ್ಲಿಪ್ ಹಾಕಿಡ್ತಿದ್ವಿ.

ಈ ಪಾಡ್‌ಕಾಸ್ಟ್ ಶುರು ಮಾಡಿದಾಗಿಂದ ನನಗೆ ಅಜ್ಜನ್ನ ರೆಕಾರ್ಡ್ ಮಾಡೋ ಆಸೆ. ಕೇಳಿದಾಗೆಲ್ಲ ತಪ್ಪಿಸಿಕೊಳ್ಳೋರು. ಕೊನೆಗೊಂದು ಕಂಡೀಷನ್ ಹಾಕಿದ್ರು: "ಹಿನ್ನೀರು ಇಳಿದಾಗ ಕರಕೊಂಡು ಹೋಗು. ಅಲ್ಲೇ ನಿಂತು ಹೇಳ್ತೀನಿ." ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಹಿನ್ನೀರು ತುಂಬಾ ಹಿಂದೆ ಸರಿಯುತ್ತೆ. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ನೀರಿಂದ ಮೇಲೆ ಎದ್ದು ಕಾಣುತ್ತೆ. ಅದೂ ಮುಳುಗಿದ ಡ್ಯಾಮೇ, ಡ್ಯಾಮನ್ನ ಡ್ಯಾಮ್ ಮುಳುಗಿಸಿದ ಕಥೆ.

2023ರಲ್ಲಿ ಮಳೆ ಕೈಕೊಡ್ತು. 2024ರ ಬೇಸಿಗೆಗೆ ಅಜ್ಜನೇ ಫೋನ್ ಮಾಡಿದ್ರು. ಪೇಪರಲ್ಲಿ ಬರೋ ಜಲಾಶಯದ ಮಟ್ಟ ಓದಿ ಹೇಳೋರು. ಪೂರ್ತಿ ತುಂಬಿದ್ರೆ 1,819 ಅಡಿ, ಈಗ ಇಷ್ಟು ಇಳಿದಿದೆ, ಬಾ ಅಂತ. ನಾನು ಮುಂದಿನ ವಾರ, ಮುಂದಿನ ವಾರ ಅಂತಿದ್ದೆ. ಆಫೀಸಲ್ಲಿ ಒಂದು ಪ್ರಾಜೆಕ್ಟ್ ಇತ್ತು. ಅದರ ಹೆಸರೂ ಈಗ ನನಗೆ ಸರಿಯಾಗಿ ನೆನಪಿಲ್ಲ. ಜೂನ್ ಬಂತು, ಮಳೆ ಹಿಡೀತು, ನೀರು ಏರ್ತು. ಅಜ್ಜ ಏನೂ ಅನ್ನಲಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಹೋಗಿಬಿಟ್ರು. ಅವರ ದನಿ ಅಂತ ನನ್ನ ಫೋನಲ್ಲಿ ಇರೋದು ಹನ್ನೊಂದು ನಿಮಿಷದ ಒಂದು ಕಾಲ್ ರೆಕಾರ್ಡ್. ಅದರಲ್ಲಿ ಎಂಟು ನಿಮಿಷ ಗ್ಯಾಸ್ ಸಬ್ಸಿಡಿ ಬಗ್ಗೆ ಮಾತಾಡಿದಾರೆ.

ಆಮೇಲೆ ಅಪ್ಪ ಟ್ರಂಕ್ ತೆಗೆದಾಗ ಇನ್ನೊಂದು ನೋಟ್‌ಬುಕ್ ಸಿಕ್ತು. ಮುಳುಗಿದ ಊರಿನ ನಕ್ಷೆ. ಇಪ್ಪತ್ತಮೂರು ಮನೆ, ಯಾರ ಮನೆ ಯಾವುದು, ಹಲಸಿನ ಮರ ಎಲ್ಲಿ, ಭೂತನ ಕಲ್ಲು ಎಲ್ಲಿ, ಯಾರು ಎಲ್ಲಿಗೆ ಹೋಗಿ ಸೇರಿದ್ರು. ಪ್ರತಿ ಸಾಲಿನ ಮುಂದೆ ಕೆಂಪು ಪೆನ್ನಲ್ಲಿ 'ನೋಡಿದ್ದು' ಅಥವಾ 'ಕೇಳಿದ್ದು' ಅಂತ ಗುರುತು. ಓದ್ತಾ ಹೋದ ಹಾಗೆ ನನಗೆ ಒಂದು ಗಮನಕ್ಕೆ ಬಂತು. ಊರು ಬಿಟ್ಟ ದಿನದ ಪುಟ ಇದೆಯಲ್ಲ, ಹೆಂಚು ಇಳಿಸಿದ್ದು, ಕೊಟ್ಟಿಗೆಯ ತೊಲೆ ಬಿಚ್ಚಿದ್ದು, ದನ ಹೊಡೆದುಕೊಂಡು ಹೋಗಿದ್ದು, ಅಲ್ಲಿ ಒಂದು ಸಾಲೂ 'ನೋಡಿದ್ದು' ಅಲ್ಲ. ಎಲ್ಲ ಕೇಳಿದ್ದು.

ಅಜ್ಜ ಆ ದಿನ ಊರಲ್ಲಿ ಇರಲಿಲ್ಲ. ಮೈಸೂರಲ್ಲಿ ಬಿ.ಎಡ್. ಪರೀಕ್ಷೆ ಬರೀತಿದ್ರು.

ನೋಟ್‌ಬುಕ್ಕಿನ ಮಧ್ಯ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು, ಮಡಿಕೆಯಲ್ಲೆಲ್ಲ ಹರಿದಿದೆ. ಮಕ್ಕಳ ಅಕ್ಷರ. "ಅಪ್ಪ ಹೇಳಿದ್ದಾರೆ, ಪರೀಕ್ಷೆ ಮುಗಿಸಿಕೊಂಡೇ ಬಾ, ಇಲ್ಲಿ ನಾವೆಲ್ಲ ಇದ್ದೇವೆ." ನಮ್ಮ ಮನೆಯ ಅತೀ ಹಳೇ ಕಾಗದ ಅದು. ಕೆಳಗೆ ಅಜ್ಜ ಒಂದು ವಾಕ್ಯ ಬರೆದಿಟ್ಟಿದಾರೆ: ಅಪ್ಪನೇ ಬರಬೇಡ ಅಂದಿದ್ದರು, ಆಮೇಲೆ ಒಂದು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಕಾರಣ ತಿಳಿಯಲಿಲ್ಲ.

ಆ ಅಕ್ಷರ ಅಜ್ಜನ ತಂಗಿಯದು. ಶಿಕಾರಿಪುರದ ಕಡೆ ಇದಾರೆ, ನಾವು ಸಣ್ಣಜ್ಜಿ ಅಂತೀವಿ. ಆಗ ಅವರಿಗೆ 12 ವರ್ಷ, ಮನೆಯಲ್ಲಿ ಅಜ್ಜ ಬಿಟ್ರೆ ಬರೆಯೋಕೆ ಬರ್ತಿದ್ದವರು ಅವರೊಬ್ಬರೇ. ಕಾರ್ಯ ಮುಗಿಸಿ ಕಾಗದ ತಗೊಂಡು ಅವರ ಮನೆಗೆ ಹೋದೆ. ಈ ಸಲ ಫೋನ್ ರೆಕಾರ್ಡಿಗೆ ಇಟ್ಟೇ ಕೂತೆ. ಸಣ್ಣಜ್ಜಿ ಕಾಗದ ಮುಟ್ಟಿ ನೋಡಿ ಸುಮಾರು ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ದನ್ನ ಹಾಗೇ ಹೇಳ್ತೀನಿ:

"ಅಪ್ಪ ಹಾಂಗೆ ಹೇಳ್ಲಿಲ್ಲ ಮಗಾ. ಪರೀಕ್ಷೆ ಬಿಟ್ಟು ಬೇಗ ಬಾ, ತೊಲೆ ಹೊರೋಕೆ ಜನ ಇಲ್ಲ ಅಂತ ಬರಿ ಅಂದಿದ್ದ. ಅವ್ವ ಒಳಗಿಂದ ಬಂದು, ಬ್ಯಾಡ, ಮುಗಿಸಿಕೊಂಡೇ ಬರ್ಲಿ ಅಂತ ಬರಿ, ಅಪ್ಪ ಹೇಳಿದ ಅಂತ್ಲೇ ಬರಿ ಅಂದ್ಲು. ನಾನು ಅವ್ವ ಹೇಳಿದ್ದು ಬರ್ದೆ. ಅಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ."

ಅಣ್ಣನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವ್ವನ ಹತ್ತಿರ ಆಣೆ ಇಟ್ಟಿದ್ರಂತೆ. ಅವ್ವ ಹೋದ ಮೇಲೆ ಹೇಳೋಣ ಅಂದುಕೊಂಡ್ರೆ, ಅಷ್ಟೊತ್ತಿಗೆ ಅಪ್ಪನೂ ಇರಲಿಲ್ಲ. ಇನ್ನು ಹೇಳಿ ಏನು ಮಾಡೋದು ಅನ್ನಿಸ್ತಂತೆ. ಹಾಗೆ 61 ವರ್ಷ. ಸೊಸೆ ಟೀ ತಂದಿಟ್ಟಿದ್ದು ಆರಿ ಹೋಗಿತ್ತು, ಇಬ್ಬರೂ ಕುಡಿಯಲಿಲ್ಲ.

ಯಾರು ಬರೆದಿದ್ದು ಅಂತ ಮೊದಲ ಪ್ರಶ್ನೆ ಕೇಳ್ತಿದ್ದ ಮೇಷ್ಟ್ರ ಹತ್ತಿರವೇ ಆ ಕಾಗದ ಇತ್ತು. ಬರೆದ ಕೈ ಯಾರದು ಅಂತ ಅವರಿಗೆ ಗೊತ್ತಿತ್ತು. ಅದನ್ನ ಬರೆಸಿದವರು ಯಾರು ಅಂತ ಒಂದು ಸಲ ತಂಗಿನ ಕೇಳಿದ್ರೆ... ಬಿಡಿ, ನಾನು ಅಜ್ಜನಿಗೆ ಬುದ್ಧಿ ಹೇಳೋ ಜಾಗದಲ್ಲಿಲ್ಲ. ನಾನು ಒಂದು ಬೇಸಿಗೆ ಪೂರ್ತಿ ಮುಂದಿನ ವಾರ ಅಂದವಳು.

ನೋಟ್‌ಬುಕ್ಕಲ್ಲಿ ಆ ವಾಕ್ಯದ ಕೆಳಗೆ ಸಣ್ಣಜ್ಜಿ ಹೇಳಿದ್ದನ್ನ ಪೆನ್ಸಿಲಲ್ಲಿ ಬರೆದೆ, ತಾರೀಖು ಹಾಕಿ, ಮುಂದೆ 'ಕೇಳಿದ್ದು' ಅಂತ.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತಲ್ಲ, ಅಜ್ಜ ಹೋಗಿ ಎರಡು ತಿಂಗಳಿಗೆ. ಮೊದಲು ಲಾಂಚಿಗೆ ಕಾದು ದಾಟಬೇಕಿದ್ದ ಹಿನ್ನೀರನ್ನ ಈಗ ಕಾರಲ್ಲಿ ಸುಮಾರು 2.4 ಕಿಲೋಮೀಟರ್ ಸೇತುವೆ ಮೇಲೆ ದಾಟಬಹುದು. ಸಣ್ಣಜ್ಜಿನ ಕರಕೊಂಡು ಹೋದೆ. ಮಧ್ಯದಲ್ಲಿ ನಿಧಾನ ಮಾಡು ಅಂದ್ರು. ಕಿಟಕಿಯಿಂದ ಕೈ ಚಾಚಿ, "ಅಲ್ಲಿ, ಆ ಗುಡ್ಡದ ಬುಡದಲ್ಲಿ" ಅಂತ ತೋರಿಸಿದ್ರು. ನೀರು ಬಿಟ್ರೆ ನನಗೇನೂ ಕಾಣಲಿಲ್ಲ.

ನೀರು ಇಳಿದಾಗ ಮತ್ತೆ ಬರೋಣ ಸಣ್ಣಜ್ಜಿ ಅಂದೆ. ಅವರ ಮಗಂದು ಎರಡು ಎಕರೆ ಗದ್ದೆ ಇದೆ, ಮಳೆ ನಂಬಿಕೊಂಡೇ ಇರೋದು.

"ಮಳೆ ಬರಬಾರ್ದು ಅಂತ ಹ್ಯಾಂಗೆ ಬೇಡ್ಕಳದು ಮಗಾ?" ಅಂದ್ರು.